ಒಂದು ತೊಟ್ಟು ನೆತ್ತರಿನಲ್ಲಿ ಮೂರು ತಿಂಗಳ ಲೆಕ್ಕ

ಹಿಂದೆ ನಮ್ಮ ಊರುಗಳ ಮಂಡಿಗಳಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತರ ಮುಂದೆ ಎರಡು ಬಗೆಯ ಪುಸ್ತಕಗಳಿರುತ್ತಿದ್ದವು: ಆಯಾ ದಿನದ ವ್ಯವಹಾರವನ್ನು ಆಯಾ ದಿನವೇ ಬರೆದಿಡುವ ಕಿರ್ದಿ ಒಂದು; ಆ ಕಿರ್ದಿಯಿಂದ ಹೆಕ್ಕಿ ತೆಗೆದು, ಒಬ್ಬೊಬ್ಬ ಆಸಾಮಿಯ ಹೆಸರಿನ ಕೆಳಗೆ ತಿಂಗಳುಗಟ್ಟಲೆಯ ಬಾಕಿಯನ್ನು ಒಟ್ಟುಗೂಡಿಸಿ ತೋರಿಸುವ ಖಾತೆ ಇನ್ನೊಂದು. ಕಿರ್ದಿಯ ಒಂದೇ ಪುಟವನ್ನು ನೋಡಿ ಆಸಾಮಿಯ ಸ್ಥಿತಿಗತಿಯನ್ನು ಅಳೆಯಹೊರಟವನು ಮೋಸಹೋಗುವುದು ಖಂಡಿತ. ಏಕೆಂದರೆ ಸಾಲಗಾರನು ಆ ದಿನ ಒಂದಿಷ್ಟು ಹಣ ಕಟ್ಟಿ ಹೋಗಿರಬಹುದು. ಮಧುಮೇಹವೆಂಬ ವ್ಯಾಧಿಯ ವಿಷಯದಲ್ಲಿ ವೈದ್ಯಲೋಕವು ಶತಶತಮಾನಗಳ ಕಾಲ ಇಂತಹ ಕಿರ್ದಿಯ ಬಿಡಿ ಹಾಳೆಗಳನ್ನೇ ನೋಡಿಕೊಂಡು ತೀರ್ಪು ಹೇಳಬೇಕಾಗಿದ್ದಿತು. ಖಾತೆಯೊಂದು ರೋಗಿಯ ನೆತ್ತರಿನಲ್ಲಿಯೇ, ಅವನಿಗೂ ಅವನ ವೈದ್ಯನಿಗೂ ಅರಿವಿಲ್ಲದಂತೆ, ಅನುದಿನವೂ ಬರೆಯಲ್ಪಡುತ್ತಿದೆಯೆಂಬ ಸಂಗತಿ ಗೊತ್ತಾದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಅದನ್ನು ಗೊತ್ತುಮಾಡಿಕೊಟ್ಟವರಾದರೋ ಬಹುಮಟ್ಟಿಗೆ ಮಧುಮೇಹದ ವೈದ್ಯರಲ್ಲ, ಬೇರೊಂದು ವಸ್ತುವನ್ನು ಅರಸುತ್ತ ಹೊರಟಿದ್ದವರು.

ಮೂತ್ರದಲ್ಲಿ ಸಿಹಿಯುಂಟೆಂಬುದನ್ನು ಮನುಷ್ಯನಿಗಿಂತ ಮೊದಲು ಇರುವೆಗಳು ಕಂಡುಕೊಂಡವೆಂದು ಹೇಳಿದರೆ ಅದು ಬರಿಯ ಹಾಸ್ಯವಲ್ಲ. ಪ್ರಮೇಹದ ಪೂರ್ವರೂಪಗಳನ್ನು ಎಣಿಸುವಾಗ ಚರಕಸಂಹಿತೆಯು ರೋಗಿಯ ಶರೀರಕ್ಕೂ ಮೂತ್ರಕ್ಕೂ ಇರುವೆಗಳು ಮುತ್ತುವುದನ್ನು ಹೇಳಿದೆ. ಮಧುಮೇಹವೆಂಬ ಹೆಸರೇ ಆ ಪ್ರಾಚೀನ ಅನುಭವದ ಮುದ್ರೆಯನ್ನು ಹೊತ್ತಿದೆ. ಇಂಗ್ಲೆಂಡಿನಲ್ಲಿ ಥಾಮಸ್ ವಿಲಿಸ್ 1674ರಲ್ಲಿ ಇದೇ ಸಿಹಿಯನ್ನು ವರ್ಣಿಸಿದನು. ಸುಮಾರು ನೂರು ವರ್ಷಗಳ ತರುವಾಯ, 1776ರಲ್ಲಿ, ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ರೋಗಿಯ ಮೂತ್ರವನ್ನು ಕಾಯಿಸಿ ಇಂಗಿಸಿ, ತಳದಲ್ಲಿ ಉಳಿದ ಗಷ್ಟು ಸಕ್ಕರೆಯೇ ಎಂದು ತೋರಿಸಿದುದಲ್ಲದೆ, ರೋಗಿಯ ರಕ್ತದ ತಿಳಿಯೂ ಸಿಹಿಯಾಗಿದೆಯೆಂದು ಪ್ರಕಟಿಸಿದನು. ಅಲ್ಲಿಂದ ಮುಂದೆ ಪರೀಕ್ಷೆಗಳು ಬಂದವು, ದ್ರಾವಣಗಳು ಬಂದವು. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟನ ನೀಲಿ ದ್ರಾವಣವನ್ನು ನಮ್ಮ ಹಿರಿಯರಲ್ಲಿ ಅನೇಕರು ಸ್ವಂತ ಕಣ್ಣಿನಿಂದ ಕಂಡವರೇ: ಗಾಜಿನ ನಳಿಕೆಯಲ್ಲಿ ಆ ನೀಲಿಯನ್ನು ಹೊಯ್ದು, ಎಂಟು ತೊಟ್ಟು ಮೂತ್ರವನ್ನು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಬಣ್ಣವು ಹಸುರಿಗೆ ನಿಲ್ಲುವುದೋ, ಹಳದಿಗೆ ತಿರುಗುವುದೋ, ಇಟ್ಟಿಗೆಯ ಕೆಂಪಿಗೆ ಇಳಿಯುವುದೋ ಎಂದು ಮನೆಯವರೆಲ್ಲ ಉಸಿರು ಹಿಡಿದು ನೋಡುತ್ತಿದ್ದ ಕಾಲವೊಂದಿದ್ದಿತು.

ಆದರೆ ಮೂತ್ರವು ನಂಬಲರ್ಹವಾದ ಸಾಕ್ಷಿಯಲ್ಲ. ರಕ್ತದಲ್ಲಿ ಸಕ್ಕರೆಯು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂನ ಎಲ್ಲೆಯನ್ನು ದಾಟಿದ ಮೇಲೆಯೇ ಮೂತ್ರಪಿಂಡಗಳು ಅದನ್ನು ಹೊರಗೆ ಬಿಡುವುವಾದುದರಿಂದ, ಎಲ್ಲೆಯ ಕೆಳಗೆ ನಡೆಯುವ ಏರಿಳಿತವೆಲ್ಲವೂ ನೀಲಿಯ ಹಿಂದೆಯೇ ಅಡಗಿಹೋಗುವುದು. ರಕ್ತವನ್ನೇ ಅಳೆಯಬೇಕೆಂದರೆ ಮೊದಮೊದಲು ಹತ್ತಾರು ಮಿಲಿಲೀಟರುಗಳಷ್ಟು ರಕ್ತ ಬೇಕಾಗುತ್ತಿದ್ದಿತು. ದಿನಕ್ಕೊಮ್ಮೆ ಅಷ್ಟು ರಕ್ತವನ್ನು ತೆಗೆದರೆ ರೋಗಿಯ ಗತಿಯೇನು? ಈ ಕಷ್ಟವನ್ನು ಬಿಡಿಸಿದವನು ಸ್ವೀಡನ್ನಿನ ಲುಂಡ್ ನಗರದ ಪ್ರಾಧ್ಯಾಪಕ ಈವಾರ್ ಬಾಂಗ್. 1913ರ ಸುಮಾರಿಗೆ ಆತನು ರೂಪಿಸಿದ ಸೂಕ್ಷ್ಮ ವಿಧಾನದಲ್ಲಿ ಬೆರಳ ತುದಿಯಿಂದ ಎರಡು ಮೂರು ತೊಟ್ಟು ರಕ್ತವನ್ನು ಒಂದು ತುಂಡು ಒತ್ತುಕಾಗದಕ್ಕೆ ಹೀರಿಸಿ, ಮೊದಲೇ ತೂಕ ಮಾಡಿಟ್ಟ ಆ ಕಾಗದವನ್ನು ಮತ್ತೊಮ್ಮೆ ತೂಗಿ, ಹೀಗೆ ರಕ್ತದ ತೂಕವನ್ನು ಗೊತ್ತುಮಾಡಿಕೊಂಡು, ಆ ಬಳಿಕ ಸಕ್ಕರೆಯನ್ನು ಅಳೆಯಬೇಕಾಗಿದ್ದಿತು. ಈ ಕಾಗದದ ತುಂಡನ್ನು ಓದುಗರು ನೆನಪಿನಲ್ಲಿಟ್ಟಿರಬೇಕು. ಕಥೆಯ ಕೊನೆಯಲ್ಲಿ ಅದು ಮರಳಿ ಬರುವುದು.

ಇಷ್ಟಾದರೂ ದೊರೆತದ್ದು ಕಿರ್ದಿಯೇ. ರಕ್ತದ ಸಕ್ಕರೆಯು ಊಟಕ್ಕೆ ಏರಿ, ನಡಿಗೆಗೆ ಇಳಿದು, ಭಯಕ್ಕೂ ಜ್ವರಕ್ಕೂ ಚಲಿಸುವ ವಸ್ತು. ಬೆಳಗಿನ ಎಂಟು ಗಂಟೆಗೆ ತೆಗೆದ ತೊಟ್ಟು ಬೆಳಗಿನ ಎಂಟು ಗಂಟೆಯ ಮಾತನ್ನಲ್ಲದೆ ಬೇರೆ ಏನನ್ನೂ ಆಡಲಾರದು. ವೈದ್ಯರ ಬಳಿಗೆ ಹೋಗುವ ದಿನ ಹತ್ತಿರವಾಗುತ್ತಲೇ ಅನ್ನವನ್ನು ಅರ್ಧಕ್ಕಿಳಿಸಿ, ಹಾಗಲಕಾಯಿಯ ರಸವನ್ನು ಕುಡಿದು, ಹೋಳಿಗೆಯ ಕಡೆಗೆ ಕಣ್ಣೆತ್ತಿಯೂ ನೋಡದೆ ಎರಡು ದಿನಗಳ ಮಟ್ಟಿಗೆ ಋಷಿಗಳಾಗುವ ಮಹನೀಯರನ್ನು ನಾನು ನನ್ನ ಬಂಧುವರ್ಗದಲ್ಲಿಯೇ ಕಂಡಿದ್ದೇನೆ. ಪರೀಕ್ಷೆಯ ಚೀಟಿಯಲ್ಲಿ ಅಂಕಿ ಸೊಗಸಾಗಿ ಬರುವುದು, ವೈದ್ಯರು ಸಂತೋಷಪಡುವರು, ದಾರಿಯಲ್ಲಿ ಸಿಕ್ಕಿದ ಮೊದಲನೆಯ ಹೋಟೆಲಿನಲ್ಲಿ ವ್ರತವು ಸಮಾಪ್ತಿಯಾಗುವುದು.

ಇದು ವಿನೋದದ ಮಾತಾಗಿಯೇ ಉಳಿಯುತ್ತಿದ್ದಿತೇನೋ. ಆದರೆ 1922ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದನ್ನು ಕೊಟ್ಟ ಮೇಲೆ, ಅದುವರೆಗೆ ತಿಂಗಳುಗಳಲ್ಲಿ ಮಡಿಯುತ್ತಿದ್ದ ರೋಗಿಗಳು ವರುಷಗಟ್ಟಲೆ ಬದುಕಲಾರಂಭಿಸಿ, ಹಾಗೆ ಬದುಕಿದವರಲ್ಲಿ ಅನೇಕರ ಕಣ್ಣು ಮಂಕಾಗಿ, ಮೂತ್ರಪಿಂಡ ಸೋತು, ಕಾಲಿನ ಸ್ಪರ್ಶ ಅಳಿದುಹೋಗುವುದು ಕಾಣಬಂದಿತು. ಸಕ್ಕರೆಯನ್ನು ಕಟ್ಟುನಿಟ್ಟಾಗಿ ಅಂಕೆಯಲ್ಲಿಟ್ಟರೆ ಈ ಹಾನಿಯನ್ನು ತಡೆಯಬಹುದೇ, ಅಥವಾ ಇದು ವ್ಯಾಧಿಯೊಡನೆ ಹುಟ್ಟಿಬಂದ ಅನಿವಾರ್ಯ ಫಲವೇ? ಬಾಸ್ಟನ್ನಿನ ಎಲಿಯಟ್ ಜೋಸ್ಲಿನ್ ಶಿಸ್ತಿನ ಪಕ್ಷದ ಆಚಾರ್ಯರು. ನ್ಯೂಯಾರ್ಕಿನ ಎಡ್ವರ್ಡ್ ಟೋಲ್‌ಸ್ಟಾಯ್ ಮೊದಲಾದವರು ರೋಗಿಗೆ ಆಯಾಸವಿಲ್ಲದಿದ್ದರೆ ಮೂತ್ರದಲ್ಲಿ ಸಕ್ಕರೆ ಹೋದರೂ ಚಿಂತೆಯಿಲ್ಲವೆಂಬ ಸಡಿಲ ಪಕ್ಷದವರು. ಹತ್ತಾರು ವರ್ಷ ನಡೆದ ಈ ವಾದದಲ್ಲಿ ಎರಡು ಪಕ್ಷಗಳಿಗೂ ಪಾಂಡಿತ್ಯವಿದ್ದಿತು, ಅನುಭವವಿದ್ದಿತು; ಇಲ್ಲದುದು ಒಂದೇ, ಯಾವ ರೋಗಿಯ ಸಕ್ಕರೆ ವಾಸ್ತವವಾಗಿ ತಿಂಗಳುಗಳ ಉದ್ದಕ್ಕೂ ಎಷ್ಟಿದ್ದಿತೆಂದು ಹೇಳತಕ್ಕ ಅಳತೆ.

ಆ ಅಳತೆಯು ಬಂದುದು ರಕ್ತಶಾಸ್ತ್ರದ ಹಿತ್ತಿಲಿನಿಂದ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ರೋಗದಲ್ಲಿ ಹೀಮೋಗ್ಲೋಬಿನ್ನೇ ಬೇರೆಯಾಗಿರುವುದೆಂದು ವಿದ್ಯುತ್ತಿನ ಸೆಳೆತದಿಂದ ತೋರಿಸಿಕೊಟ್ಟ ಮೇಲೆ, ಜಗತ್ತಿನ ನಾನಾ ಕಡೆಗಳಲ್ಲಿ ವಿಕೃತ ಹೀಮೋಗ್ಲೋಬಿನ್ನುಗಳ ಬೇಟೆಯೇ ಆರಂಭವಾಯಿತು. ಆ ಬೇಟೆ ನಮ್ಮ ನೆರೆಯವರೆಗೂ ಬಂದಿದ್ದಿತು: 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳ ಜನರಲ್ಲಿ ಕುಡುಗೋಲು ಕಣದ ಲಕ್ಷಣವನ್ನು ಕಂಡುಹಿಡಿದರು. ವಿಕೃತವನ್ನು ಅರಸುವವರಿಗೆ ಪ್ರಾಕೃತದ ಪರಿಚಯ ಚೆನ್ನಾಗಿರಬೇಕಷ್ಟೆ. ಹಾಗೆ ನಿರೋಗಿಗಳ ಹೀಮೋಗ್ಲೋಬಿನ್ನನ್ನು ಸೋಸಿ ನೋಡಿದಾಗ ಅದೂ ಏಕರೂಪವಲ್ಲವೆಂದು ತಿಳಿಯಿತು. 1955ರಲ್ಲಿ ಕುಂಕಲ್ ಮತ್ತು ವಲೇನಿಯಸ್ ಎಂಬವರು ಅದರಲ್ಲಿ ಸಣ್ಣಪುಟ್ಟ ಅಂಶಗಳುಂಟೆಂದು ಕಂಡರು. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಲೆನ್, ಶ್ರೋಡರ್ ಮತ್ತು ಬೇಲಾಗ್ ರಾಳದ ಹರಳುಗಳನ್ನು ತುಂಬಿದ ಗಾಜಿನ ಕೊಳವೆಯ ಮೂಲಕ ಹೀಮೋಗ್ಲೋಬಿನ್ನನ್ನು ಇಳಿಸಿ, ಮುಖ್ಯ ಭಾಗಕ್ಕಿಂತ ಮೊದಲೇ ಹೊರಬಿದ್ದ ಅಂಶಗಳಿಗೆ ಎ1ಎ, ಎ1ಬಿ, ಎ1ಸಿ ಎಂದು ಹೆಸರಿಟ್ಟರು. ಈ ದಿನ ಮಧುಮೇಹಿಗಳ ಮನೆಮನೆಗಳಲ್ಲಿ ಉಚ್ಚರಿಸಲ್ಪಡುವ ಎ1ಸಿ ಎಂಬ ಹೆಸರಿಗೆ ಮೂಲದಲ್ಲಿ ಇದ್ದ ಅರ್ಥ ಇಷ್ಟೇ: ಕೊಳವೆಯಿಂದ ಇಳಿದ ಸಾಲಿನಲ್ಲಿ ಅದರ ಸ್ಥಾನ. ನಾಮಕರಣವಾಯಿತು, ಸ್ವಭಾವ ಮಾತ್ರ ತಿಳಿದಿರಲಿಲ್ಲ.

ಇಲ್ಲಿ ಒಂದು ಪ್ರಸಂಗವಿದೆ. ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುವ ಅದು ನನಗೆ ಬಹಳ ಪ್ರಿಯವಾದುದು. ಡಚ್ ವಿಜ್ಞಾನಿ ಹೂಯಿಸ್ಮನ್ ಮತ್ತು ಆತನ ಸಹೋದ್ಯೋಗಿ ಆಂದ್ರೆ ಡೋಜಿ, 1962ರಲ್ಲಿ, ಕೆಲವು ಮಂದಿ ಮಧುಮೇಹಿಗಳ ರಕ್ತದಲ್ಲಿ ಈ ಸಣ್ಣ ಅಂಶವು ಹೆಚ್ಚಾಗಿರುವುದನ್ನು ಕಂಡರು. ಆ ರೋಗಿಗಳು ಟಾಲ್‌ಬ್ಯುಟಮೈಡ್ ಎಂಬ ಮಾತ್ರೆಯನ್ನು ಸೇವಿಸುತ್ತಿದ್ದರು. ಆದಕಾರಣ ಹೆಚ್ಚಳಕ್ಕೆ ಮಾತ್ರೆಯೇ ಕಾರಣವಿರಬೇಕೆಂಬ ಊಹೆಗೆ ಅವರು ಬಂದರು. ಊಹೆಯಲ್ಲಿ ತರ್ಕಕ್ಕೆ ಕುಂದಿಲ್ಲ. ರೋಗವನ್ನು ಬಿಟ್ಟು ಔಷಧವನ್ನು ಹಿಡಿದದ್ದೊಂದೇ ತಪ್ಪು. ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು, ತಿರುಗಿಸದೆ ಹೋದಂತಾಯಿತು. ಅವರನ್ನು ಹಳಿಯುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಮಾತ್ರೆಯನ್ನು ನುಂಗದ ಮಧುಮೇಹಿಯೊಬ್ಬನ ರಕ್ತ ಆ ವಾರ ಅವರ ಪ್ರಯೋಗಶಾಲೆಗೆ ಬಂದಿದ್ದರೆ ಚರಿತ್ರೆಯ ಈ ಭಾಗವು ಆರು ವರ್ಷ ಮುಂಚೆಯೇ ನಡೆದುಹೋಗುತ್ತಿದ್ದಿತೋ ಏನೋ.

ಬಾಗಿಲು ತೆರೆದದ್ದು ತೆಹರಾನಿನಲ್ಲಿ. ಸ್ಯಾಮ್ಯುಯೆಲ್ ರಹಬರ್ 1929ರಲ್ಲಿ ಇರಾನಿನ ಹಮದಾನ್ ಪಟ್ಟಣದ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು. ಮಧ್ಯಯುಗದ ಮಹಾವೈದ್ಯ ಇಬ್ನ್ ಸೀನಾರ ಸಮಾಧಿ ಇರುವುದೂ ಅದೇ ಊರಿನಲ್ಲಿ. ತೆಹರಾನ್ ವಿಶ್ವವಿದ್ಯಾಲಯದಲ್ಲಿ ವೈದ್ಯವಿದ್ಯೆಯನ್ನು ಮುಗಿಸಿ, ಕೆಲವು ಕಾಲ ರೋಗಿಗಳನ್ನು ನೋಡಿ, ಮತ್ತೆ ಸಂಶೋಧನೆಯ ಕಡೆಗೆ ತಿರುಗಿದ ಅವರು 1960ರ ದಶಕದ ಕೊನೆಯಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯ ರೋಗಿಗಳ ರಕ್ತದಲ್ಲಿ ವಿಕೃತ ಹೀಮೋಗ್ಲೋಬಿನ್ನುಗಳನ್ನು ಹುಡುಕುತ್ತಿದ್ದರು. ಅಗರ್ ಎಂಬ ಲೋಳೆಯ ತೆಳು ಹಾಸಿನ ಮೇಲೆ ರಕ್ತದ ಸಾರವನ್ನಿಟ್ಟು ವಿದ್ಯುತ್ತನ್ನು ಹರಿಯಿಸಿದರೆ ಒಂದೊಂದು ಹೀಮೋಗ್ಲೋಬಿನ್ನೂ ತನ್ನ ತನ್ನ ವೇಗದಿಂದ ಸರಿದು ಪಟ್ಟೆಯಾಗಿ ನಿಲ್ಲುವುದು. ಸುಮಾರು 1200 ರೋಗಿಗಳ ಪೈಕಿ ಇಬ್ಬರಲ್ಲಿ ಮಾತ್ರ, ಇರಬಾರದ ಕಡೆಯಲ್ಲಿ, ವೇಗವಾಗಿ ಸರಿದ ಒಂದು ಪಟ್ಟೆ ಕಂಡಿತು. ಇಬ್ಬರೂ ಮಧುಮೇಹಿಗಳು. ಕೇವಲ ಇಬ್ಬರ ಸಾಮ್ಯವನ್ನು ಕಾಕತಾಳೀಯವೆಂದು ತಳ್ಳಿಹಾಕಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ, ರಹಬರ್ ತಳ್ಳಿಹಾಕಲಿಲ್ಲ. ಮಧುಮೇಹಿಗಳನ್ನೇ ಆರಿಸಿಕೊಂಡು 47 ಮಂದಿಯ ರಕ್ತವನ್ನು ನೋಡಿದರು. ಪಟ್ಟೆ ಅವರಲ್ಲಿಯೂ ಇದ್ದಿತು. 1968ರಲ್ಲಿ ಈ ಸಂಗತಿ ಪ್ರಕಟವಾಯಿತು.

ಅದೇ ಸುಮಾರಿನಲ್ಲಿ ಅವರು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿಗೆ ಹೋಗಿ ಹೆಲೆನ್ ರ್‍ಯಾನಿಯವರ ಪ್ರಯೋಗಶಾಲೆಯನ್ನು ಸೇರಿದರು. ರ್‍ಯಾನಿ ಕುಡುಗೋಲು ಕಣದ ರೋಗವನ್ನು ಆಳವಾಗಿ ಬಲ್ಲವರು. ಮುಂದೆ ಅಮೆರಿಕದ ವೈದ್ಯಕೀಯ ಶಾಲೆಯೊಂದರಲ್ಲಿ ವೈದ್ಯವಿಭಾಗದ ಮುಖ್ಯಸ್ಥೆಯಾದ ಮೊದಲ ಮಹಿಳೆಯೆನಿಸಿದರು. ಅಲ್ಲಿ ಅವರಿಬ್ಬರೂ ಓಲ್ಗಾ ಬ್ಲೂಮೆನ್‌ಫೆಲ್ಡರ ಜೊತೆಗೂಡಿ, ತೆಹರಾನಿನ ಪಟ್ಟೆಯೂ ಕ್ಯಾಲಿಫೋರ್ನಿಯಾದ ಕೊಳವೆಯಿಂದ ಇಳಿದ ಎ1ಸಿಯೂ ಒಂದೇ ವಸ್ತುವೆಂದು 1969ರಲ್ಲಿ ತಿಳಿಯಪಡಿಸಿದರು. 1971ರಲ್ಲಿ ಟ್ರಿವೆಲ್ಲಿ, ರ್‍ಯಾನಿ ಮತ್ತು ಲಾಯ್ ಪ್ರಕಟಿಸಿದ ಲೇಖನದಲ್ಲಿ, ಆ ಅಂಶವು ಮಧುಮೇಹಿಗಳಲ್ಲಿ ನಿರೋಗಿಗಳಿಗಿಂತ ಸುಮಾರು ಎರಡು ಪಟ್ಟು ಇರುವುದೆಂಬ ಲೆಕ್ಕವೂ ದೊರೆಯಿತು.

ಇಷ್ಟರಲ್ಲಿ ಅದರ ಸ್ವಭಾವವೂ ಬೆಳಕಿಗೆ ಬಂದಿದ್ದಿತು. ಕಾಫಿಬೀಜವನ್ನು ಹುರಿಯುವಾಗ ಏಳುವ ಕಂದುಬಣ್ಣವನ್ನೂ ಪರಿಮಳವನ್ನೂ ಬಲ್ಲವರು ಇದರ ರಸಾಯನವನ್ನು ಅರ್ಧ ಬಲ್ಲವರೇ. ಸಕ್ಕರೆಯೂ ಸಸಾರಜನಕವೂ ಒಂದಕ್ಕೊಂದು ತಗುಲಿ ಬಣ್ಣಗೆಡುವ ಈ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮಯ್ಯಾರ್ ಎಂಬಾತನು ವರ್ಣಿಸಿದ್ದನು. ಬೇಕರಿಯ ಒಲೆಯಲ್ಲಿ ನಿಮಿಷಗಳಲ್ಲಿ ನಡೆಯುವ ಅದರ ಮೊದಲ ಹೆಜ್ಜೆಯೇ ನಮ್ಮ ದೇಹದ ಮಂದೋಷ್ಣದಲ್ಲಿ ವಾರಗಳ ಕಾಲ ಮೆಲ್ಲಮೆಲ್ಲನೆ ನಡೆಯುವುದು. ಹೀಮೋಗ್ಲೋಬಿನ್ನಿನ ಬೀಟಾ ಸರಪಳಿಯ ಮೊಟ್ಟಮೊದಲ ಕೊಂಡಿಯಾದ ವ್ಯಾಲೀನ್ ಎಂಬ ಅಮೈನೋ ಆಮ್ಲಕ್ಕೆ ಗ್ಲೂಕೋಸ್ ಬಂದು ಅಂಟುವುದು. ಮೊದಲು ಬಿಡಿಸಿಕೊಳ್ಳಬಹುದಾದ ನಂಟಾಗಿ, ಬಳಿಕ ಬಿಡಿಸಲಾಗದ ಗಂಟಾಗಿ. ಇದಕ್ಕೆ ಕಿಣ್ವದ ಸಹಾಯವಿಲ್ಲ, ದೇಹದ ಅಪ್ಪಣೆಯಿಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟು, ಕಣವು ಅದರಲ್ಲಿ ತೇಲಿದ ಕಾಲವೆಷ್ಟು, ಇವೆರಡೇ ಅದನ್ನು ನಿರ್ಧರಿಸುವುವು. ಬಾಸ್ಟನ್ನಿನ ಫ್ರ್ಯಾಂಕ್ಲಿನ್ ಬನ್ ಮತ್ತು ಸಂಗಡಿಗರು ಆರೋಗ್ಯವಂತನಾದ ಒಬ್ಬ ವ್ಯಕ್ತಿಗೆ ವಿಕಿರಣಶೀಲ ಕಬ್ಬಿಣವನ್ನು ಕೊಟ್ಟು, ಆಗ ಹೊಸದಾಗಿ ಹುಟ್ಟಿದ ಕಣಗಳಿಗೆ ಗುರುತು ಹಚ್ಚಿ, ಅವು ಮುದಿಯಾಗುತ್ತ ಹೋದಂತೆ ಅವುಗಳೊಳಗಿನ ಎ1ಸಿ ಎಡೆಬಿಡದೆ ಏರುವುದನ್ನು 1976ರಲ್ಲಿ ತೋರಿಸಿದರು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ರಕ್ತದಲ್ಲಿ ನಿನ್ನೆ ಹುಟ್ಟಿದ ಕಣವೂ ನಾಳೆ ಸಾಯುವ ಕಣವೂ ಒಟ್ಟಿಗೆ ಹರಿಯುವುದರಿಂದ, ಒಂದು ತೊಟ್ಟನ್ನು ತೆಗೆದರೆ ಅದರಲ್ಲಿ ಮೂರು ತಿಂಗಳಿಗೂ ಮಿಕ್ಕಿದ ಕಾಲದ ಲೆಕ್ಕವಿರುವುದು. ಎಲ್ಲ ದಿನಗಳಿಗೂ ಸಮನಾದ ಪಾಲಿಲ್ಲ; ಅಂಕಿಯ ಸುಮಾರು ಅರ್ಧ ಭಾಗ ಕಳೆದ ಒಂದು ತಿಂಗಳಿನದು. ಆದರೂ ಎರಡು ದಿನದ ಉಪವಾಸಕ್ಕೆ ಈ ಖಾತೆಯಲ್ಲಿ ಹೇಳಿಕೊಳ್ಳುವಷ್ಟು ಜಮೆಯಿಲ್ಲ.

ಇದು ಖಾತೆಯೇ ಎಂದು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದವರು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಆಂಥನಿ ಸೆರಾಮಿ ಮತ್ತು ಅವರ ವಿದ್ಯಾರ್ಥಿ ರೊನಾಲ್ಡ್ ಕೀನಿಗ್. ಸೆರಾಮಿಯವರೂ ಈ ದಾರಿಗೆ ಬಂದುದು ಕುಡುಗೋಲು ಕಣದ ಕಡೆಯಿಂದಲೇ: ಆ ರೋಗಕ್ಕೆ ಸಯನೇಟ್ ಎಂಬ ವಸ್ತುವನ್ನು ಮದ್ದಾಗಿ ಅವರು ಪರೀಕ್ಷಿಸಿದ್ದರು, ಅದು ಹೋಗಿ ಅಂಟುವುದೂ ಹೀಮೋಗ್ಲೋಬಿನ್ನಿನ ಸರಪಳಿಗಳ ಅದೇ ಮೊದಲ ವ್ಯಾಲೀನಿಗೆ. 1976ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು ಐದೇ ಜನ ರೋಗಿಗಳು. ಆಸ್ಪತ್ರೆಯಲ್ಲಿಟ್ಟು ಚಿಕಿತ್ಸೆ ಮಾಡಲಾಗಿ ಅವರ ಬೆಳಗಿನ ಸಕ್ಕರೆಯು ಸರಾಸರಿ 343ರಿಂದ 84 ಮಿಲಿಗ್ರಾಂಗೆ ಇಳಿಯಿತು. ಅದರ ಹಿಂದೆಯೇ, ಅವಸರಪಡದೆ, ವಾರಗಳ ಮೇಲೆ, ಎ1ಸಿಯು ಶೇಕಡ 9.8ರಿಂದ 5.8ಕ್ಕೆ ಬಂದಿತು. ಐದೇ ರೋಗಿಗಳ ಈ ಪ್ರಯೋಗವನ್ನು ಓದುವಾಗ ನನಗೆ ಅನಿಸುವುದೇನೆಂದರೆ, ಸರಿಯಾದ ಪ್ರಶ್ನೆಯನ್ನು ಕೇಳಿದವನಿಗೆ ಸಾವಿರಾರು ಸಾಕ್ಷಿಗಳ ಅಗತ್ಯ ಯಾವಾಗಲೂ ಬೀಳುವುದಿಲ್ಲ.

ಆದರೆ ಜೋಸ್ಲಿನ್ ಪಕ್ಷಕ್ಕೂ ಟೋಲ್‌ಸ್ಟಾಯ್ ಪಕ್ಷಕ್ಕೂ ನಡೆದಿದ್ದ ವ್ಯಾಜ್ಯವನ್ನು ತೀರ್ಮಾನಿಸುವುದಕ್ಕೆ ಸಾವಿರಾರು ಸಾಕ್ಷಿಗಳೇ ಬೇಕಾದರು. ಅಮೆರಿಕ ಮತ್ತು ಕೆನಡಾಗಳ 29 ಕೇಂದ್ರಗಳಲ್ಲಿ, ಎಳೆಯ ವಯಸ್ಸಿನಲ್ಲಿ ಇನ್ಸುಲಿನ್ನಿಗೆ ಒಳಗಾಗಿದ್ದ 1441 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದನ್ನು ಎ1ಸಿ ಸುಮಾರು 7ರ ಬಳಿಯಲ್ಲಿ ನಿಲ್ಲುವಂತೆಯೂ, ಇನ್ನೊಂದನ್ನು ಅಂದಿನ ರೂಢಿಯಂತೆ ಸುಮಾರು 9ರ ಬಳಿಯಲ್ಲಿಯೂ ನಡೆಸಿಕೊಂಡು ಬಂದ ಆ ಮಹಾಪ್ರಯೋಗದ ಫಲ ಪ್ರಕಟವಾದುದು 1993ರಲ್ಲಿ. ಬಿಗಿಯಾಗಿ ನಡೆದವರಲ್ಲಿ ಕಣ್ಣಿನ ಹಿಂಪೊರೆಯ ರೋಗ ಹೊಸದಾಗಿ ತಲೆದೋರುವ ಸಂಭವವು ಶೇಕಡ 76ರಷ್ಟು ಕಡಮೆಯಾಯಿತು. ನರಗಳ ರೋಗ ಶೇಕಡ 60ರಷ್ಟು. ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು: ಸಕ್ಕರೆಯು ತೀರ ಕುಸಿದು ಪರರ ನೆರವು ಬೇಕಾಗುವ ಅಪಾಯವು ಅವರಲ್ಲಿ ಸುಮಾರು ಮೂರು ಪಟ್ಟಾಯಿತು. ವಯಸ್ಸಾದ ಮೇಲೆ ಬರುವ ಮಧುಮೇಹದ ವಿಷಯದಲ್ಲಿ ಇಂಗ್ಲೆಂಡಿನ ರಾಬರ್ಟ್ ಟರ್ನರ್ ಮುಂದಾಗಿ ನಿಂತು ಇಪ್ಪತ್ತು ವರ್ಷ ನಡೆಸಿದ ಅಧ್ಯಯನವು 1998ರಲ್ಲಿ ಇದೇ ತಾತ್ಪರ್ಯವನ್ನು ಸ್ವಲ್ಪ ಮೆತ್ತನೆಯ ದನಿಯಲ್ಲಿ ಹೇಳಿತು. ಜೋಸ್ಲಿನ್ 1962ರಲ್ಲಿಯೇ ತೀರಿಕೊಂಡಿದ್ದರು.

ಈ ನಡುವೆ ಅಳತೆಗೋಲಿನದೇ ಒಂದು ಗಲಿಬಿಲಿ. ಪಕ್ಕಾ ಸೇರು, ಕಚ್ಚಾ ಸೇರು, ಆ ಊರಿನ ಸೇರು, ಈ ಊರಿನ ಸೇರು ಎಂದು ನಮ್ಮ ಸಂತೆಗಳಲ್ಲಿದ್ದ ಅವಾಂತರವೇ ಪ್ರಯೋಗಶಾಲೆಗಳಲ್ಲಿಯೂ ಇದ್ದಿತು. ಒಬ್ಬನದೇ ರಕ್ತಕ್ಕೆ ಒಂದು ಕಡೆ 7 ಎಂದೂ, ಇನ್ನೊಂದು ಕಡೆ 8 ಎಂದೂ ಬರುತ್ತಿದ್ದಿತು. 1996ರಲ್ಲಿ ಅಮೆರಿಕದಲ್ಲಿ, ಮಿಸೌರಿ ವಿಶ್ವವಿದ್ಯಾಲಯವನ್ನು ಕೇಂದ್ರವಾಗಿಟ್ಟುಕೊಂಡು, ಎಲ್ಲ ಯಂತ್ರಗಳ ಅಂಕಿಯನ್ನೂ ಆ ಮಹಾಪ್ರಯೋಗದ ಅಂಕಿಗೆ ಹೊಂದಿಸುವ ಏರ್ಪಾಡು ಆರಂಭವಾಯಿತು, ಸುಮಾರು 0.4ರಷ್ಟು ಕಡಮೆಯ ಅಂಕಿಯನ್ನು ಹೇಳುತ್ತಿದ್ದ ಜಪಾನು ತನ್ನ ಸೇರನ್ನು ಬಿಟ್ಟುಕೊಟ್ಟದ್ದು 2012ರಲ್ಲಿ. ಅಂತರರಾಷ್ಟ್ರೀಯ ರಸಾಯನಜ್ಞರು ರೂಪಿಸಿದ ಮೂಲಮಾನದ ವಿಧಾನವು ಇನ್ನೂ ಸೂಕ್ಷ್ಮ: ಅದರಲ್ಲಿ ಕಿಣ್ವವೊಂದು ಬೀಟಾ ಸರಪಳಿಯ ಮೊದಲ ಆರು ಕೊಂಡಿಗಳನ್ನು ಕತ್ತರಿಸಿ ಕೊಡುವುದು, ಆ ಆರರ ತುಂಡಿಗೆ ಸಕ್ಕರೆ ಅಂಟಿದೆಯೇ ಇಲ್ಲವೇ ಎಂದು ಎಣಿಸುವರು. ಕಿಣ್ವವು ಕತ್ತರಿಸುವ ಆ ಆರನೆಯ ಕೊಂಡಿಯೇ ಕುಡುಗೋಲು ಕಣದ ರೋಗದಲ್ಲಿ ಬದಲಾಗಿರುವ ಕೊಂಡಿ. ಯಾವುದನ್ನು ಹುಡುಕಲು ಹೊರಟು ರಕ್ತಶಾಸ್ತ್ರಜ್ಞರು ಎ1ಸಿಯನ್ನು ಕಂಡರೋ, ಅದೂ ಎ1ಸಿಯೂ ಐದು ಮನೆಗಳ ಅಂತರದ ನೆರೆಯವರು!

ಇನ್ನು ಆ ಕಾಗದದ ತುಂಡಿನ ಮಾತು. ಟ್ರಿವೆಲ್ಲಿಯ ಕಾಲದ ರಾಳದ ಕೊಳವೆಗಳು ಗಂಟೆಗಟ್ಟಲೆ ಸಮಯವನ್ನೂ, ಶಾಖದಲ್ಲಿ ಕಿಂಚಿತ್ತೂ ಏರುಪೇರಿಲ್ಲದ ಕೊಠಡಿಯನ್ನೂ, ತೋಳಿನಿಂದ ಸೆಳೆದ ರಕ್ತವನ್ನೂ ಬೇಡುತ್ತಿದ್ದವು. ಸಕ್ಕರೆಯ ಅಳತೆಯಲ್ಲಿ ರಕ್ತದ ಪ್ರಮಾಣ ಖಚಿತವಾಗಿ ತಿಳಿಯಬೇಕಾದುದರಿಂದಲೇ ಬಾಂಗನು ಕಾಗದವನ್ನು ಎರಡೆರಡು ಸಾರಿ ತೂಗಬೇಕಾಗಿದ್ದಿತು. ಎ1ಸಿಯಲ್ಲಾದರೋ ಕೇಳುವ ಪ್ರಶ್ನೆಯೇ ಬೇರೆ. ನೂರು ಹೀಮೋಗ್ಲೋಬಿನ್ನುಗಳಲ್ಲಿ ಸಕ್ಕರೆ ಅಂಟಿದವು ಎಷ್ಟು ಎಂಬುದಷ್ಟೇ ಪ್ರಶ್ನೆ. ಅಕ್ಕಿಯಲ್ಲಿ ನುಚ್ಚೆಷ್ಟೆಂದು ತಿಳಿಯಬೇಕಾದವಳು ಮೂಟೆಯನ್ನು ತೂಗುವುದಿಲ್ಲ, ಒಂದು ಹಿಡಿಯನ್ನು ಮೊರದಲ್ಲಿ ಹರಡಿ ನೋಡುವಳು. ಹಿಡಿ ಸಣ್ಣದಾದರೇನು, ದೊಡ್ಡದಾದರೇನು? ತೊಟ್ಟಿನ ಗಾತ್ರ ಮುಖ್ಯವಲ್ಲದ ಮೇಲೆ ಬೆರಳ ತುದಿಯ ಒಂದು ಹನಿಯೂ ಸಾಕು, ಆ ಹನಿ ಕಾಗದದ ಮೇಲೆ ಒಣಗಿದರೂ ಸಾಕು ಎಂಬ ಆಸೆ ಹುಟ್ಟಿದುದು ಸಹಜವೇ. 1960ರ ದಶಕದ ಮೊದಲಲ್ಲಿಯೇ ಅಮೆರಿಕದ ರಾಬರ್ಟ್ ಗಥ್ರಿ ಎಂಬಾತನು ನವಜಾತ ಶಿಶುಗಳ ಹಿಮ್ಮಡಿಯಿಂದ ತೆಗೆದ ರಕ್ತದ ಚುಕ್ಕೆಗಳನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಅಂಚೆಯಲ್ಲಿ ತರಿಸಿಕೊಂಡು ಹುಟ್ಟುರೋಗವೊಂದನ್ನು ಪತ್ತೆಹಚ್ಚುವ ದಾರಿಯನ್ನು ತೋರಿಸಿದ್ದನು. 1980ರ ದಶಕದ ಮಧ್ಯಭಾಗದಲ್ಲಿ ಅದೇ ದಾರಿಯನ್ನು ಎ1ಸಿಗೆ ಹಿಡಿದವರಲ್ಲಿ ಮಿಸೌರಿಯ ರ್‍ಯಾಂಡಿ ಲಿಟ್ಲ್ ಮತ್ತು ಡೇವಿಡ್ ಗೋಲ್ಡ್‌ಸ್ಟೈನ್ ಇದ್ದರು. ಅಳತೆಗೋಲನ್ನು ಸರಿಪಡಿಸುವ ಏರ್ಪಾಡಿನಲ್ಲಿ ಮುಂದೆ ದುಡಿದವರೂ ಇವರೇ.

ತೊಡಕುಗಳು ಇಲ್ಲದಿರಲಿಲ್ಲ. ಒಣಗಿದ ರಕ್ತದಲ್ಲಿ ಹೀಮೋಗ್ಲೋಬಿನ್ ಕಂದಿ ರೂಪ ಬದಲಿಸುವುದು. ಮೊದಲಿನ ರಾಳದ ಕೊಳವೆಗೆ ಈ ಬದಲಾದ ರೂಪ ದಾರಿ ತಪ್ಪಿಸುವುದು. ಅಲ್ಲದೆ ಹನಿಯಲ್ಲಿ ಉಳಿದ ಗ್ಲೂಕೋಸ್ ಕಾಗದದ ಮೇಲೆಯೂ ಸುಮ್ಮನಿರದೆ ಹೀಮೋಗ್ಲೋಬಿನ್ನಿಗೆ ಅಂಟುತ್ತಲೇ ಹೋಗಬಹುದು. ಬಿಸಿಲ ನಾಡಿನ ಅಂಚೆಚೀಲದಲ್ಲಂತೂ ಹೇಳಬೇಕಾದುದಿಲ್ಲ. ಮೊದಲನೆಯದಕ್ಕೆ ಬೋರಾನಿನ ಸಂಯುಕ್ತವೊಂದು ಪರಿಹಾರವಾಯಿತು: ಅದು ಹೀಮೋಗ್ಲೋಬಿನ್ನಿನ ವಿದ್ಯುದಂಶವನ್ನು ನೋಡದೆ, ಅಂಟಿರುವ ಸಕ್ಕರೆಯನ್ನೇ ಕೈಹಿಡಿಯುವ ಗುಣದ್ದು. ಎರಡನೆಯದಕ್ಕೆ ಗ್ಲೂಕೋಸನ್ನು ನಾಶಮಾಡುವ ಕಿಣ್ವವನ್ನು ಕಾಗದಕ್ಕೇ ಲೇಪಿಸುವ ಉಪಾಯವನ್ನು ಕಂಡರು. 1990ರ ದಶಕದ ಹೊತ್ತಿಗೆ ಪ್ರತಿಕಾಯಗಳ ನೆರವಿನಿಂದ ಒಂದೇ ಮೈಕ್ರೋಲೀಟರ್ ರಕ್ತದಲ್ಲಿ, ಎಂದರೆ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲಿನಲ್ಲಿ, ಹತ್ತು ನಿಮಿಷದೊಳಗೆ ಎ1ಸಿಯನ್ನು ಹೇಳುವ ಮೇಜಿನ ಮೇಲಿನ ಯಂತ್ರಗಳು ವೈದ್ಯರ ಕೊಠಡಿಗೆ ಬಂದವು. ಲೋಟಗಟ್ಟಲೆ ಮೂತ್ರವನ್ನು ಇಂಗಿಸಿದ ಡಾಬ್ಸನ್ನನು ಆ ಹನಿಯನ್ನು ನೋಡಿದ್ದರೆ ಅದನ್ನು ಒರೆಸಿಹಾಕಿ, ರೋಗಿಯ ರಕ್ತವೆಲ್ಲಿ ಎಂದು ಕೇಳುತ್ತಿದ್ದನು.

ರಹಬರ್ 1979ರ ಕ್ರಾಂತಿಯ ತರುವಾಯ ಇರಾನನ್ನು ತೊರೆದು ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬಲ್ಲಿಯ ಸಂಶೋಧನಾಲಯವನ್ನು ಸೇರಿದರು. ಸಕ್ಕರೆ ಅಂಟಿ ಕೆಡುವ ಸಸಾರಜನಕಗಳನ್ನು ತಡೆಯುವ ವಸ್ತುಗಳನ್ನು ಅರಸುತ್ತ ಮುಂದಿನ ಮೂರು ದಶಕಗಳನ್ನು ಅಲ್ಲಿಯೇ ಕಳೆದರು. ಅಮೆರಿಕದ ಮಧುಮೇಹ ಸಂಘವು ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿದುದು 2012ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಅವರು ಕಾಲವಾದರು. ಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದೇ ನಿರ್ಣಯಿಸಬಹುದೆಂದು ಆ ಸಂಘವು 2010ರಲ್ಲಿಯೂ, ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿಯೂ ಒಪ್ಪಿಕೊಂಡಿದ್ದವು. ಹೀಗೆ ಖಾತೆಯನ್ನು ಓದುವುದಕ್ಕಾಗಿ ಹುಟ್ಟಿದ ಅಂಕಿಯು ಆಸಾಮಿಯನ್ನು ಗುರುತಿಸುವುದಕ್ಕೂ ನಿಯಮಿತವಾಯಿತು.

ಇಲ್ಲಿ ನಮ್ಮ ದೇಶದವರು ಒಂದು ಮಾತನ್ನು ಗಮನಿಸಬೇಕು. ಈ ಖಾತೆ ಬರೆಯಲ್ಪಡುವುದು ಕೆಂಪು ಕಣದ ಮೇಲೆ. ಕಣದ ಆಯುಸ್ಸು ವ್ಯತ್ಯಾಸವಾದರೆ ಲೆಕ್ಕವೂ ವ್ಯತ್ಯಾಸವಾಗುವುದು. ಕಣಗಳು ಅಕಾಲದಲ್ಲಿ ಒಡೆಯುವ ರೋಗಗಳಲ್ಲಿ, ಅಥವಾ ರಕ್ತ ಕೊಡಿಸಿಕೊಂಡ ಹೊಸದರಲ್ಲಿ, ಅಂಕಿಯು ನಿಜಕ್ಕಿಂತ ತಗ್ಗಿ ತೋರಬಹುದು. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯುಂಟಾದವರಲ್ಲಿ, ಸಕ್ಕರೆ ಏರದೆಯೂ ಅಂಕಿ ಏರಬಹುದು. ಕಬ್ಬಿಣದ ಕೊರತೆಯು ನಮ್ಮ ಹೆಂಗಸರಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ನಾನು ಹೇಳಬೇಕಾಗಿಲ್ಲ. ನೀಲಗಿರಿಯಲ್ಲಿ ಲೇಮನ್ನನು ಕಂಡ ಕುಡುಗೋಲು ಕಣವು ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಉಂಟು. ಅಂತಹವರ ಎ1ಸಿಯನ್ನು ಕೆಲವು ಯಂತ್ರಗಳು ತಪ್ಪಾಗಿ ಓದುವುವು. ಆದುದರಿಂದ ತಾಯಿಯದೋ ಅಕ್ಕನದೋ ಎ1ಸಿ ಚೀಟಿಯು ನಿಮ್ಮ ಕೈಗೆ ಬಂದಾಗ, ಅದರ ಪಕ್ಕದಲ್ಲಿಯೇ ಅವರ ಹೀಮೋಗ್ಲೋಬಿನ್ ಎಷ್ಟಿದೆಯೆಂದೂ ನೋಡಿ, ಅದು ಕಡಮೆಯಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.